ಸಮಾನ ಹೆಜ್ಜೆಯ ಹೆಸರಿನಲ್ಲಿ

2012ರ ಅಕ್ಟೋಬರ್ ತಿಂಗಳಲ್ಲಿ ಘಾನಾ ದೇಶದ ತೆಮಾ ಬಂದರಿನಲ್ಲಿ ಅರ್ಜೆಂಟೀನಾ ನೌಕಾಪಡೆಯ ಹಾಯಿಹಡಗೊಂದನ್ನು ತಡೆದು ನಿಲ್ಲಿಸಲಾಯಿತು. ಹಡಗಿನ ಹೆಸರು 'ಲಿಬರ್ತಾದ್', ಅಂದರೆ ಸ್ವಾತಂತ್ರ್ಯ. ಅದು ಯುದ್ಧಕ್ಕೆ ಹೊರಟ ಹಡಗಲ್ಲ, ನೌಕಾಪಡೆಯ ಯುವಕರ ತರಬೇತಿಗೆ ಹೊರಟದ್ದು. ತಡೆ ಹಾಕಿಸಿದ್ದು ಯಾವುದೇ ಶತ್ರುದೇಶವೂ ಅಲ್ಲ. ಅಮೆರಿಕದ ಎಲಿಯಟ್ ಹೂಡಿಕೆ ಸಂಸ್ಥೆಯ ಅಂಗವಾದ ಎನ್‌ಎಂಎಲ್ ಕ್ಯಾಪಿಟಲ್ ಎಂಬ ಕಂಪೆನಿ, ಅರ್ಜೆಂಟೀನಾ ತನಗೆ ಕೊಡಬೇಕಾದ ಸಾಲದ ಬಾಬ್ತು ಆ ಹಡಗನ್ನು ಜಫ್ತಿ ಮಾಡಿಸಲು ಘಾನಾದ ನ್ಯಾಯಾಲಯದಿಂದ ಆದೇಶ ತಂದಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಹ್ಯಾಂಬರ್ಗಿನ ಅಂತಾರಾಷ್ಟ್ರೀಯ ಸಮುದ್ರ ಕಾನೂನು ನ್ಯಾಯಮಂಡಳಿ ಮಧ್ಯೆ ಪ್ರವೇಶಿಸಿದ ಬಳಿಕವೇ ಹಡಗು ಊರಿಗೆ ಮರಳಿತು.

ಹಡಗು ಬಿಡುಗಡೆಯಾಯಿತು, ದೇಶ ಆಗಲಿಲ್ಲ. ಅದನ್ನು ಕಟ್ಟಿಹಾಕಿದ್ದು ಸಾಲಪತ್ರದಲ್ಲಿದ್ದ ಒಂದು ಷರತ್ತು. ಕಾನೂನು ಪಂಡಿತರು ಅದನ್ನು 'ಪಾರಿ ಪಾಸು' ಎಂಬ ಲ್ಯಾಟಿನ್ ಮಾತಿನಿಂದ ಕರೆಯುತ್ತಾರೆ. 'ಸಮಾನ ಹೆಜ್ಜೆಯಲ್ಲಿ' ಎಂದು ಅದರ ಅರ್ಥ. ಈ ಸಾಲವು ಸರಕಾರದ ಇತರ ವಿದೇಶಿ ಸಾಲಗಳಿಗೆ ಸಮಾನ ದರ್ಜೆಯದ್ದಾಗಿರುತ್ತದೆ ಎಂಬುದು ಷರತ್ತಿನ ಸಾರಾಂಶ. ಕೇಳಲು ಎಷ್ಟು ನ್ಯಾಯವಾದ ಮಾತು! ಸಮಾನತೆಗಿಂತ ಒಳ್ಳೆಯದು ಬೇರೇನಿದೆ? ಆದರೆ ಈ ಒಂದು ವಾಕ್ಯವನ್ನು ಹೇಗೆ ಓದಲಾಯಿತು ಎಂಬುದನ್ನು ನೋಡಿದರೆ, ಅಂತಾರಾಷ್ಟ್ರೀಯ ಹಣಕಾಸಿನ ಕಾನೂನು ಯಾರ ಪರವಾಗಿ ನಿಂತಿದೆ ಎಂಬುದು ತಿಳಿಯುತ್ತದೆ.

2001ರ ಡಿಸೆಂಬರಿನಲ್ಲಿ ಅರ್ಜೆಂಟೀನಾದ ಆರ್ಥಿಕತೆ ಕುಸಿದುಬಿತ್ತು. ಬ್ಯಾಂಕುಗಳಲ್ಲಿಟ್ಟ ಹಣ ಜನರ ಕೈಗೆ ಸಿಗಲಿಲ್ಲ, ಬೀದಿಗಳಲ್ಲಿ ಹೆಣಗಳು ಬಿದ್ದವು, ಅಧ್ಯಕ್ಷರು ರಾಜೀನಾಮೆ ಕೊಟ್ಟು ಹೊರಟುಹೋದರು. ಸಾಲ ತೀರಿಸಲಾಗದು ಎಂದು ಸರಕಾರ ಕೈಚೆಲ್ಲಿತು. ನಂತರ 2005 ಮತ್ತು 2010ರಲ್ಲಿ ಹಳೆಯ ಬಾಂಡುಗಳ ಬದಲಿಗೆ ಬಹಳ ಕಡಿಮೆ ಮೌಲ್ಯದ ಹೊಸ ಬಾಂಡುಗಳನ್ನು ಕೊಡುವ ಪ್ರಸ್ತಾಪ ಮುಂದಿಟ್ಟಿತು. ಸುಮಾರು ಶೇ. 93ರಷ್ಟು ಬಾಂಡುಗಳ ಒಡೆಯರು ನಷ್ಟ ನುಂಗಿಕೊಂಡು ಒಪ್ಪಿದರು. ಉಳಿದವರು ಒಪ್ಪಲಿಲ್ಲ. ಹಾಗೆ ಒಪ್ಪದವರಲ್ಲಿ, ಬಾಂಡುಗಳನ್ನು ಬೆಲೆ ಕುಸಿದಿದ್ದಾಗ ಕೊಂಡು ಪೂರ್ಣ ಮೊತ್ತಕ್ಕೆ ದಾವೆ ಹೂಡುವುದನ್ನೇ ಕಸುಬಾಗಿ ಮಾಡಿಕೊಂಡ ಸಂಸ್ಥೆಗಳು ಮುಂಚೂಣಿಯಲ್ಲಿದ್ದವು. ಜಗತ್ತು ಅವುಗಳನ್ನು ರಣಹದ್ದು ನಿಧಿಗಳೆಂದು ಕರೆಯುತ್ತದೆ.

2012ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಥಾಮಸ್ ಗ್ರೀಸಾ 'ಸಮಾನ ಹೆಜ್ಜೆ'ಯನ್ನು ಹೀಗೆ ಅರ್ಥೈಸಿದರು: ರಿಯಾಯಿತಿಗೆ ಒಪ್ಪಿದವರಿಗೆ ಅವರ ಕಂತನ್ನು ಕೊಡುವುದಾದರೆ, ಒಪ್ಪದವರಿಗೂ ಅದೇ ಹೊತ್ತಿಗೆ ಬಾಕಿಯನ್ನು ಪೂರ್ಣವಾಗಿ ಕೊಡಬೇಕು. ಮೇಲ್ಮನವಿ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. 2014ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅರ್ಜೆಂಟೀನಾದ ಮನವಿಯನ್ನು ವಿಚಾರಣೆಗೇ ಎತ್ತಿಕೊಳ್ಳಲಿಲ್ಲ. ಒಪ್ಪಿದವರ ಕಂತಿಗೆಂದು ಅರ್ಜೆಂಟೀನಾ ಕಳುಹಿಸಿದ 53.9 ಕೋಟಿ ಡಾಲರ್ ಬ್ಯಾಂಕಿನಲ್ಲೇ ಸಿಕ್ಕಿಕೊಂಡಿತು. ಕೈಯಲ್ಲಿ ಹಣವಿದ್ದೂ, ಕೊಡುವ ಮನಸ್ಸಿದ್ದೂ ಒಂದು ದೇಶ ಆ ವರ್ಷದ ಜುಲೈ 30ರಂದು ಮತ್ತೆ ಬಾಕಿದಾರನೆನಿಸಿತು. ನಷ್ಟ ಹೊತ್ತವರಿಗೆ ಕಂತು ಬರಲಿಲ್ಲ, ನಷ್ಟ ಹೊರಲೊಲ್ಲದವರ ಕೈ ಮೇಲಾಯಿತು. ಇದನ್ನು ಸಮಾನತೆ ಎನ್ನಬಹುದೇ?

ತೀರ್ಪಿನ ಪರವಾಗಿಯೂ ಹೇಳುವುದಿದೆ. ಅರ್ಜೆಂಟೀನಾ ತಾನಾಗಿಯೇ ನ್ಯೂಯಾರ್ಕಿನ ಕಾನೂನಿಗೆ ಒಳಪಡುತ್ತೇನೆಂದು ಬರೆದುಕೊಟ್ಟಿತ್ತು. 2005ರಲ್ಲಿ, ರಿಯಾಯಿತಿಗೆ ಒಪ್ಪದವರೊಂದಿಗೆ ಮುಂದೆ ಯಾವ ಇತ್ಯರ್ಥವನ್ನೂ ಮಾಡಿಕೊಳ್ಳಬಾರದೆಂದು ಕಾನೂನನ್ನೇ ಮಾಡಿತ್ತು. ನ್ಯಾಯಾಲಯ ಈ ನಡತೆಯನ್ನು ಗಂಭೀರವಾಗಿ ಪರಿಗಣಿಸಿತು. ಕೊಟ್ಟ ಮಾತು ಉಳಿಸಿಕೊಳ್ಳಬೇಕೆಂಬುದು ಎಲ್ಲ ನೀತಿಗಳ ಬುಡ. ಸಾಲ ಮಾಡಿದ ಸರಕಾರಗಳು ಬೇಕೆಂದಾಗಲೆಲ್ಲ ಕೈ ಝಾಡಿಸಿದರೆ ನಾಳೆ ಬಡ ದೇಶಗಳಿಗೆ ಸಾಲ ಕೊಡುವವರಾರು? ಆಳುವವರ ದುಂದುವೆಚ್ಚವನ್ನೂ ಭ್ರಷ್ಟಾಚಾರವನ್ನೂ ರಣಹದ್ದುಗಳ ಹೆಸರು ಹೇಳಿ ಮರೆಸುವುದೂ ಸರಿಯಲ್ಲ.

ಆದರೆ ಕೊಟ್ಟ ಮಾತಿನ ಅರ್ಥವೇನೆಂದು ಮಾತು ಬರೆದವರಿಗೇ ತಿಳಿದಿರಲಿಲ್ಲವಾದರೆ? ಕಾನೂನು ಪ್ರಾಧ್ಯಾಪಕರಾದ ಮಿತು ಗುಲಾಟಿ ಮತ್ತು ರಾಬರ್ಟ್ ಸ್ಕಾಟ್ 2013ರಲ್ಲಿ ಪ್ರಕಟಿಸಿದ 'ದಿ ತ್ರೀ ಆ್ಯಂಡ್ ಎ ಹಾಫ್ ಮಿನಿಟ್ ಟ್ರಾನ್ಸಾಕ್ಷನ್' ಎಂಬ ಗ್ರಂಥ ಈ ಷರತ್ತಿನ ಬೆನ್ನು ಹತ್ತಿ ಹೋಗುತ್ತದೆ. ಇಂಥ ಪತ್ರಗಳನ್ನು ಬರೆಯುವ ದೊಡ್ಡ ವಕೀಲರನ್ನು ಮಾತಾಡಿಸಿದಾಗ ಷರತ್ತು ಏಕಿದೆ ಎಂಬುದಕ್ಕೆ ಒಮ್ಮತದ ಉತ್ತರ ಸಿಗಲಿಲ್ಲ. ಒಬ್ಬೊಬ್ಬರದು ಒಂದೊಂದು ಕಥೆ. ಹಿಂದಿನ ಪತ್ರದಲ್ಲಿತ್ತು, ಆದ್ದರಿಂದ ಇದರಲ್ಲೂ ಇದೆ. 2000ದಲ್ಲಿ ಪೆರು ದೇಶದ ವಿರುದ್ಧ ಇದೇ ಎಲಿಯಟ್ ಸಂಸ್ಥೆ ಬ್ರಸೆಲ್ಸಿನ ನ್ಯಾಯಾಲಯದಲ್ಲಿ ಇದೇ ವ್ಯಾಖ್ಯಾನದಿಂದ ಗೆದ್ದಿತ್ತು. ಸುಮಾರು 1.1 ಕೋಟಿ ಡಾಲರಿಗೆ ಕೊಂಡ ಸಾಲಕ್ಕೆ ಪೆರು ಸುಮಾರು 5.8 ಕೋಟಿ ಡಾಲರ್ ತೆರಬೇಕಾಯಿತು. ಅಪಾಯದ ಗಂಟೆ ಹೀಗೆ ಬಾರಿಸಿದ ನಂತರವೂ ವಕೀಲರು ವಾಕ್ಯವನ್ನು ತಿದ್ದದೆ ಹೊಸ ಪತ್ರಗಳಿಗೆ ನಕಲು ಮಾಡುತ್ತಲೇ ಹೋದರೆಂಬುದು ಗ್ರಂಥಕರ್ತರ ಅಚ್ಚರಿ. ಆದರೆ ಅವರ ಕಾಳಜಿ ಮುಖ್ಯವಾಗಿ ವಕೀಲಿ ಉದ್ಯಮದ ಒಳಗಿನ ಜಾಡ್ಯದ ಬಗ್ಗೆ. ಆ ಜಾಡ್ಯದ ಬೆಲೆ ಯಾರ ತಟ್ಟೆಯಿಂದ ಹೋಯಿತು ಎಂಬ ಪ್ರಶ್ನೆಯನ್ನು ಓದುಗರೇ ಕೇಳಿಕೊಳ್ಳಬೇಕಾಗುತ್ತದೆ.

ಅದಕ್ಕೆ ಉತ್ತರ ಜಾಂಬಿಯಾದಲ್ಲಿದೆ. 1979ರಲ್ಲಿ ರೊಮೇನಿಯಾ ಆ ದೇಶಕ್ಕೆ ಟ್ರ್ಯಾಕ್ಟರ್ ಮುಂತಾದ ಕೃಷಿ ಸಲಕರಣೆಗಾಗಿ ಸಾಲ ಕೊಟ್ಟಿತ್ತು. ಬಡ್ಡಿ ಸೇರಿ ಬೆಳೆದ ಆ ಬಾಕಿಯನ್ನು ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ನೋಂದಾಯಿತವಾದ ಡೊನೆಗಲ್ ಇಂಟರ್‌ನ್ಯಾಷನಲ್ ಎಂಬ ಕಂಪೆನಿ 1999ರಲ್ಲಿ ಸುಮಾರು 33 ಲಕ್ಷ ಡಾಲರಿಗೆ ಕೊಂಡು, ಮುಂದೆ 5.5 ಕೋಟಿ ಡಾಲರಿಗೆ ಲಂಡನ್ನಿನಲ್ಲಿ ದಾವೆ ಹೂಡಿತು. 2007ರಲ್ಲಿ ನ್ಯಾಯಾಲಯ ಕಂಪೆನಿಯ ಸಾಕ್ಷಿಗಳ ಬಗ್ಗೆ ಕಟುವಾಗಿಯೇ ಮಾತಾಡಿತು. ಆದರೂ ಸುಮಾರು 1.5 ಕೋಟಿ ಡಾಲರ್ ಕೊಡಬೇಕೆಂದು ತೀರ್ಪಿತ್ತಿತು. ಅಷ್ಟರಲ್ಲಿ ಜಾಂಬಿಯಾಕ್ಕೆ ಶ್ರೀಮಂತ ದೇಶಗಳು ಸಾಲ ಮನ್ನಾ ಮಾಡಿದ್ದವು. ಹಾಗೆ ಉಳಿದ ಹಣ ಬಡತನ ನೀಗಲು ಹೋಗಬೇಕೆಂಬುದು ಮನ್ನಾದ ಉದ್ದೇಶ. ಒಬ್ಬರು ಬಿಟ್ಟುಕೊಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಂಡು ಹೋದರು, ಅದೂ ಕಾನೂನುಬದ್ಧವಾಗಿ.

ವ್ಯಾಜ್ಯ ಹೂಡುವುದಕ್ಕಾಗಿಯೇ ಸಾಲಪತ್ರ ಕೊಳ್ಳುವುದನ್ನು ನ್ಯೂಯಾರ್ಕಿನ ಹಳೆಯ ಕಾನೂನೊಂದು ನಿಷೇಧಿಸಿತ್ತು. 2004ರಲ್ಲಿ ಅದಕ್ಕೊಂದು ತಿದ್ದುಪಡಿ ಬಂತು: ಐದು ಲಕ್ಷ ಡಾಲರ್ ಅಥವಾ ಅದಕ್ಕೂ ಹೆಚ್ಚು ಕೊಟ್ಟು ಕೊಂಡರೆ ಈ ನಿಷೇಧ ಅನ್ವಯಿಸದು. ಅಂದರೆ ಚಿಲ್ಲರೆ ವ್ಯಾಪಾರಿ ಮಾಡಿದರೆ ತಪ್ಪು, ಸಗಟು ವ್ಯಾಪಾರಿ ಮಾಡಿದರೆ ಸರಿ. ಸಮಾನ ಹೆಜ್ಜೆಯ ಬಗ್ಗೆ ಅಷ್ಟು ಕಟ್ಟುನಿಟ್ಟಾದ ಅದೇ ನೆಲದಲ್ಲಿ ಇದೆಂಥ ಅಳತೆಗೋಲು?

ಕಂಪೆನಿಯೊಂದು ಮುಳುಗಿದರೆ ಅದಕ್ಕೆ ದಿವಾಳಿ ಕಾನೂನಿದೆ. ನಮ್ಮ 2016ರ ದಿವಾಳಿ ಸಂಹಿತೆಯ ಪ್ರಕಾರ, ಸಾಲ ಕೊಟ್ಟ ಹಣಕಾಸು ಸಂಸ್ಥೆಗಳ ಸಮಿತಿಯಲ್ಲಿ ಶೇ. 66 ಮತಗಳಿಂದ ಒಪ್ಪಿದ ಯೋಜನೆಗೆ ನ್ಯಾಯಮಂಡಳಿಯ ಅಂಗೀಕಾರ ಸಿಕ್ಕರೆ ಉಳಿದವರೂ ಬದ್ಧರು. ದೇಶಗಳಿಗೆ ಮಾತ್ರ ಅಂಥ ಕಾನೂನಿಲ್ಲ. 2001ರಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಆ್ಯನ್ ಕ್ರೂಗರ್ ಅಂಥದೊಂದು ವ್ಯವಸ್ಥೆಯನ್ನು ಸೂಚಿಸಿದರು. 2003ರಲ್ಲಿ ಅದು ಮೂಲೆಗೆ ಬಿತ್ತು. 2015ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ದೇಶಗಳ ಸಾಲ ಪುನಾರಚನೆಗೆ 9 ತತ್ವಗಳನ್ನು ಅಂಗೀಕರಿಸಿತು. 136 ದೇಶಗಳು ಪರ, 6 ದೇಶಗಳು ವಿರುದ್ಧ. ಆ ಆರರಲ್ಲಿ ಅಮೆರಿಕ ಮತ್ತು ಬ್ರಿಟನ್ ಇದ್ದವು. ಈ ಸಾಲಪತ್ರಗಳ ವ್ಯಾಜ್ಯಗಳು ನಡೆಯುವುದು ಮುಖ್ಯವಾಗಿ ಆ ಎರಡು ದೇಶಗಳ ನ್ಯಾಯಾಲಯಗಳಲ್ಲೇ ಎಂಬುದನ್ನು ಮರೆಯುವಂತಿಲ್ಲ.

ಏನೂ ಬದಲಾಗಿಲ್ಲವೆಂದಲ್ಲ. ಸಾಲಮನ್ನಾ ಪಡೆದ ಬಡ ದೇಶಗಳ ವಿರುದ್ಧ ಲಾಭಕೋರ ದಾವೆಗಳಿಗೆ ಬ್ರಿಟನ್ 2010ರಲ್ಲಿ ಕಡಿವಾಣ ಹಾಕಿತು. ಇಂಥವರು ಕೊಂಡ ಬೆಲೆಗಿಂತ ಹೆಚ್ಚು ವಸೂಲು ಮಾಡಬಾರದೆಂದು ಬೆಲ್ಜಿಯಂ 2015ರಲ್ಲಿ ಕಾನೂನು ಮಾಡಿತು. 2014ರಿಂದೀಚೆಗೆ ಹೊಸ ಬಾಂಡುಗಳಲ್ಲಿ 'ಸಮಾನ ಹೆಜ್ಜೆ'ಯ ಅರ್ಥವನ್ನು ಬಿಡಿಸಿ ಬರೆಯುವ, ಬಹುಮತದ ನಿರ್ಧಾರಕ್ಕೆ ಎಲ್ಲರನ್ನೂ ಬದ್ಧರಾಗಿಸುವ ಷರತ್ತುಗಳು ಬಂದಿವೆ. ಆದರೆ ನ್ಯೂಯಾರ್ಕಿನ ಶಾಸನಸಭೆಯಲ್ಲಿ 2023 ಮತ್ತು 2024ರಲ್ಲಿ ಇದಕ್ಕೆ ಸಂಬಂಧಿಸಿದ ಮಸೂದೆಗಳು ಅಂಗೀಕಾರವಾಗದೆ ಉಳಿದವು. 2022ರಲ್ಲಿ ಶ್ರೀಲಂಕಾ ಕೈಚೆಲ್ಲಿದ ಕೆಲವೇ ವಾರಗಳಲ್ಲಿ, ಅದರ 25 ಕೋಟಿ ಡಾಲರ್ ಬಾಂಡುಗಳನ್ನು ಇಟ್ಟುಕೊಂಡಿದ್ದ ಬ್ಯಾಂಕೊಂದು ನ್ಯೂಯಾರ್ಕಿನ ನ್ಯಾಯಾಲಯದ ಬಾಗಿಲು ತಟ್ಟಿತು. ಆ ಹೊತ್ತಿಗೆ ಕೊಲಂಬೊದಲ್ಲಿ ಜನ ಪೆಟ್ರೋಲಿಗೂ ಅಡುಗೆ ಅನಿಲಕ್ಕೂ ಸಾಲು ನಿಂತಿದ್ದರು.

ಅರ್ಜೆಂಟೀನಾ 2016ರಲ್ಲಿ ಸೋತು ಶರಣಾಯಿತು. ನಾಲ್ಕು ದೊಡ್ಡ ನಿಧಿಗಳಿಗೆ 465 ಕೋಟಿ ಡಾಲರ್ ಕೊಟ್ಟಿತು. ಅದರಲ್ಲಿ ಸುಮಾರು ಅರ್ಧ ಎನ್‌ಎಂಎಲ್ ಪಾಲಿಗೆ ಹೋಯಿತು. ಅದನ್ನು ಕೊಡುವುದಕ್ಕಾಗಿ ದೇಶ ಮತ್ತೆ ಸಾಲ ಮಾಡಿತು. 2020ರಲ್ಲಿ ಮತ್ತೊಮ್ಮೆ ಬಾಕಿದಾರನಾಗಿ ನಿಂತಿತು.

ಸಾಲ ತೀರಿಸಬೇಕು, ನಿಜ. ಆದರೆ ಒಟ್ಟಿಗೆ ನಷ್ಟಕ್ಕೆ ಸಿಲುಕಿದವರಲ್ಲಿ ಬಿಟ್ಟುಕೊಟ್ಟವನನ್ನು ದಂಡಿಸಿ, ಬಿಗಿಹಿಡಿದವನಿಗೆ ಬಹುಮಾನ ಕೊಡುವ ಕಾನೂನು ಮುಂದಿನ ಬಾರಿ ಯಾರನ್ನು ಬಿಟ್ಟುಕೊಡಲು ಪ್ರೇರೇಪಿಸೀತು?