ಹಲಗೆಯ ಮೇಲೊಂದು ಕಾಲು

ಕಂಬಳಕ್ಕೆ ಹೊಸದಾಗಿ ಬಂದವರು ಹಗ್ಗದ ಓಟಕ್ಕೆ ಮರುಳಾಗುತ್ತಾರೆ. ನನಗೆ ಮೊದಲಿನಿಂದಲೂ ಕನೆ ಹಲಗೆಯೇ ಇಷ್ಟ. ಒಂದು ದಪ್ಪ ಮರದ ಕೊರಡು, ಅದರಲ್ಲಿ ಎರಡು ತೂತು. ಓಡಿಸುವವನು ಅದರ ಮೇಲೆ ಒಂದು ಕಾಲೂರಿ ನಿಲ್ಲುತ್ತಾನೆ. ಓಟ ಶುರುವಾಗುವ ಗಂತಿನಲ್ಲಿ ಕೋಣ ಬಿಟ್ಟದ್ದೇ ತಡ, ಕೊರಡು ಕೆಸರಿಗೆ ಒತ್ತಿಕೊಂಡು ನೀರು ಆ ತೂತುಗಳಿಂದ ನುಗ್ಗಿ ಆಕಾಶಕ್ಕೆ ಚಿಮ್ಮುತ್ತದೆ. ಓಟದ ಕೆಸರು ಹಾದಿಯಾದ ಕರೆಗೆ ಅಡ್ಡಲಾಗಿ ಮೇಲೆ ಬಟ್ಟೆಯ ನಿಶಾನಿ ಕಟ್ಟಿರುತ್ತಾರೆ. ಆರೂವರೆ ಕೋಲು ಎತ್ತರದ್ದೊಂದು, ಏಳೂವರೆ ಕೋಲಿನದೊಂದು. ನೀರು ಹೋಗಿ ಬಟ್ಟೆಯನ್ನು ಒದ್ದೆ ಮಾಡಬೇಕು. ಬರೀ ವೇಗವಿದ್ದರೆ ಸಾಲದು. ಕೋಣಗಳೆರಡೂ ಒಂದೇ ಎಳೆತದಲ್ಲಿ ಹೋಗಬೇಕು, ಮೇಲಿರುವವನ ಭಾರ ಸರಿಯಾದ ಜಾಗದಲ್ಲಿ ಬೀಳಬೇಕು. ಒಂದು ಕೋಣ ಅರೆಹೆಜ್ಜೆ ಮುಂದಾದರೂ ಹಲಗೆ ಓರೆಯಾಗಿ ನೀರು ಪಕ್ಕಕ್ಕೆ ಚದುರುತ್ತದೆ. ಸರಿಯಾಗಿ ಬಂದರೆ ಎರಡು ಬಿಳಿಯ ಕಂಬಗಳು ಕೋಣದ ಬೆನ್ನ ಹಿಂದೆಯೇ ಓಡಿಬಂದ ಹಾಗೆ ಕಾಣುತ್ತದೆ.

ಈ ಹಲಗೆಯ ಮೂಲ ಯಾವುದೆಂದು ಕೇಳಿದರೆ ಇಂದಿನ ಮಕ್ಕಳು ಕಂಬಳದ್ದು ಎನ್ನುತ್ತಾರೆ. ಮೂಲ ಗದ್ದೆಯದು. ಉತ್ತು ಕೆಸರು ಮಾಡಿದ ಗದ್ದೆಯಲ್ಲಿ ನೀರು ಎಲ್ಲ ಕಡೆ ಒಂದೇ ಮಟ್ಟ ನಿಲ್ಲಬೇಕಾದರೆ ಮಣ್ಣು ಸಮವಾಗಬೇಕು. ಅದಕ್ಕೆ ಕೋಣಗಳ ಹಿಂದೆ ಹಲಗೆ ಕಟ್ಟಿ, ಭಾರಕ್ಕೆ ಆಳೇ ಅದರ ಮೇಲೆ ನಿಲ್ಲುತ್ತಿದ್ದ. ಉಬ್ಬು ಕಂಡಲ್ಲಿ ಮೈಭಾರ ಬಿಟ್ಟು, ತಗ್ಗು ಕಂಡಲ್ಲಿ ಹಗುರಾಗಿ, ಮಣ್ಣನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತಿದ್ದ. ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಎಂದು ಮೈಕಿನಲ್ಲಿ ಕರೆಯುವ ವಿಭಾಗಗಳ ಹೆಸರು ಕೇಳಿ. ಅವು ಬೇಸಾಯದ ದಿನಚರಿಯಿಂದ ಬಂದವು. ಈ ಬಂಧವನ್ನು ಬಿಟ್ಟು ಕಂಬಳವನ್ನು ನೋಡಲು ನನಗೆ ಬರುವುದಿಲ್ಲ. ಈ ವಾರ ಅದನ್ನೇ ಬರೆಯಬೇಕೆನಿಸಿತು. ಋತು ಶುರುವಾಗುವ ಹೊತ್ತಿಗೆ ಎಲ್ಲರ ಬಾಯಲ್ಲೂ ಓಟದ ಕೋಣಗಳದ್ದೇ ಮಾತು. ಉಳುವ ಕೋಣಗಳ ಮಾತು ಯಾರೂ ತೆಗೆಯುವುದಿಲ್ಲ.

ಈ ಮಳೆಗಾಲದಲ್ಲಿ ಕಾರ್ಕಳದಾಚೆಯ ಒಂದು ಬೈಲಿನಲ್ಲಿ ಎರಡು ದಿನ ಕಳೆದೆ. ಮೂರು ಕಡೆ ಗುಡ್ಡ, ನಡುವೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳು. ಮೇಲೆ ಬೆಟ್ಟು, ನಡುವೆ ಮಜಲು, ತಳದಲ್ಲಿ ಬೈಲು. ಕೆಳಗಿನ ಎರಡು ಗದ್ದೆಗೆ ಟಿಲ್ಲರ್ ಇಳಿಸಲು ದಾರಿಯಿಲ್ಲ. ಅಲ್ಲಿ ಎಪ್ಪತ್ತು ದಾಟಿದ ಒಬ್ಬರು ಈಗಲೂ ಒಂದು ಜೋಡಿ ಕೋಣ ಸಾಕಿಕೊಂಡಿದ್ದಾರೆ, ಕುಟ್ಟಿ ಮತ್ತು ಬೊಳ್ಳ. ಕುಟ್ಟಿ ಎಡಕ್ಕೆ, ಬೊಳ್ಳ ಬಲಕ್ಕೆ. ಹಟ್ಟಿಯಲ್ಲಿ ಕಟ್ಟುವಾಗಲೂ ಹಾಗೆಯೇ, ತೋಡಿಗೆ ಹೋಗುವಾಗಲೂ ಹಾಗೆಯೇ. ಜಾಗ ಬದಲಿಸಿದರೆ ಇಬ್ಬರೂ ಹೆಜ್ಜೆ ಕಿತ್ತಿಡುವುದಿಲ್ಲ.

ಅವರು ನೊಗ ಇಡುವುದನ್ನು ನೋಡುತ್ತ ನಿಂತೆ. ಮೊದಲು ಕುಟ್ಟಿಯ ಹೆಗಲ ಮೇಲೆ ಬರಿಗೈ ಸವರಿದರು. ಹಿಂದಿನ ದಿನದ ಉಜ್ಜಿದ ಗಾಯವೇನಾದರೂ ಇದೆಯೇ ಎಂದು ನೋಡುವುದು ಕಣ್ಣಿನಿಂದಲ್ಲ, ಅಂಗೈಯಿಂದ. ಆಮೇಲೆ ನೊಗ. ಆಮೇಲೆ ಕೊರಳ ಹಗ್ಗ; ಕಟ್ಟಿದ ಮೇಲೆ ಎರಡು ಬೆರಳು ತೂರಿಸಿ ನೋಡಿದರು. ಈಸನ್ನು ನೊಗಕ್ಕೆ ಬಿಗಿದು, ಮೇಳಿಯ ಮೇಲೆ ಕೈಯಿಟ್ಟು ಒಂದು ಸಣ್ಣ ಸದ್ದು ಮಾಡಿದರು. ಕೂಗಲಿಲ್ಲ, ಹೊಡೆಯಲಿಲ್ಲ. ಕೋಣಗಳು ನಡೆದವು.

ಉಳುಮೆಯ ಜಾಣತನವೆಲ್ಲ ಮೂಲೆಯಲ್ಲಿದೆ. ನೇರ ಸಾಲನ್ನು ಯಾರಾದರೂ ಹೊಡೆದಾರು. ಮೂಲೆಯಲ್ಲಿ ಒಳಬದಿಯ ಕೋಣ ಕಾಲು ತಡೆದು ನಿಲ್ಲಬೇಕು, ಹೊರಬದಿಯದು ದೊಡ್ಡ ಹೆಜ್ಜೆ ಹಾಕಿ ಸುತ್ತಿ ಬರಬೇಕು, ಅಷ್ಟರಲ್ಲಿ ಉಳುವವನು ಗುಳವನ್ನು ಮಣ್ಣಿನಿಂದ ಎತ್ತಿ ಹೊಸ ಸಾಲಿಗೆ ಇಡಬೇಕು. ಅವರು ನನ್ನ ಕೈಗೂ ಮೇಳಿ ಕೊಟ್ಟರು. ಮೂಲೆ ಬಂದಾಗ ಗಾಬರಿಯಾಗಿ ಹಗ್ಗ ಎಳೆದೆ. ಕುಟ್ಟಿ ತಲೆ ಕೊಡವಿದ, ನೇಗಿಲು ಮಗುಚಿತು.

“ಎಳೀಬೇಡಿ ಮಾರಾಯ್ರೆ. ಅವನಿಗೆ ಗೊತ್ತುಂಟು. ನೀವು ಸ್ವಲ್ಪ ಕಾಯಿರಿ,” ಅಂದರು ಅವರು.

ಈ ನೆಲಕ್ಕೆ ಎತ್ತಿಗಿಂತ ಕೋಣ ಒಗ್ಗಿದ್ದಕ್ಕೆ ಕಾರಣ ಅದರ ಮೈಕಟ್ಟಿನಲ್ಲೇ ಇದೆ. ಅಗಲವಾದ ಗೊರಸು, ಸಡಿಲವಾದ ಕಾಲಗಂಟು. ಮೊಣಕಾಲುದ್ದ ಕೆಸರಿನಲ್ಲಿ ಹೂತ ಕಾಲನ್ನು ಕೀಳುವುದು ಅದಕ್ಕೆ ಸಲೀಸು. ಹಸುವಿಗಿಂತ ಕೋಣಕ್ಕೆ ಬೆವರುಗ್ರಂಥಿ ಬಹಳ ಕಡಿಮೆ, ಮೈ ಕಪ್ಪು. ಬಿಸಿಲಿನಲ್ಲಿ ಬಳಲುವ ಈ ಪ್ರಾಣಿಗೆ ನೀರು ನಿಂತ ಗದ್ದೆ ಕೆಲಸದ ಜಾಗವೂ ಹೌದು, ತಂಪಿನ ಜಾಗವೂ ಹೌದು. ಇನ್ನು ನಮ್ಮ ಮುರಕಲ್ಲಿನ ನೆಲದ ಸ್ವಭಾವ ಗೊತ್ತೇ ಇದೆ, ಸುರಿದ ನೀರನ್ನೆಲ್ಲ ಕುಡಿದು ಬಿಡುತ್ತದೆ. ಕೋಣದ ಗೊರಸು ಮತ್ತೆ ಮತ್ತೆ ತುಳಿದು ಕೆಳಗಿನ ಮಣ್ಣನ್ನು ಗಟ್ಟಿಮಾಡಿದರೆ ಮಾತ್ರ ಅಲ್ಲಿ ನೀರು ನಿಲ್ಲುತ್ತದೆ. ಟಿಲ್ಲರಿನ ಕಬ್ಬಿಣದ ಚಕ್ರವೂ ಆ ಕೆಲಸ ಮಾಡುತ್ತದೆ, ಒಪ್ಪುತ್ತೇನೆ, ಬೇಗನೆ ಮಾಡುತ್ತದೆ. ಆದರೆ ಅದು ಸಗಣಿ ಕೊಡುವುದಿಲ್ಲ. ಗದ್ದೆಯ ಅಂಚಿನ ಕುಮ್ಕಿ ಜಾಗದಿಂದ ತಂದ ಸೊಪ್ಪು, ಹಟ್ಟಿಯ ಗೊಬ್ಬರ, ಗದ್ದೆಯ ಬೈಹುಲ್ಲು, ಮತ್ತೆ ಹಟ್ಟಿ; ಈ ಸುತ್ತು ಕೋಣದ ಕಾಲಿನ ಮೇಲೆ ನಿಂತಿತ್ತು.

ಕಂಬಳ ಹುಟ್ಟಿದ್ದು ಆ ಸುತ್ತಿನೊಳಗೆ. ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಮುಗಿದು ಎರಡನೆಯ ಬೆಳೆಯಾದ ಸುಗ್ಗಿಗೆ ಗದ್ದೆ ಹದ ಮಾಡುವ ನಡುವೆ, ಊರಿನ ದೊಡ್ಡ ಮನೆಯ ದೊಡ್ಡ ಗದ್ದೆಗೆ ಊರ ಕೋಣಗಳೆಲ್ಲ ಇಳಿಯುತ್ತಿದ್ದವು. ದೈವಕ್ಕೆ ಕೈಮುಗಿದು, ಹೂವಿನಿಂದ ಸಿಂಗರಿಸಿದ ಪೂಕರೆ ಕಂಬವನ್ನು ಗದ್ದೆಯ ನಡುವೆ ನೆಡುತ್ತಿದ್ದರು. ಓಟ ಮುಗಿಯುವ ಹೊತ್ತಿಗೆ ಗದ್ದೆಯೂ ಹದವಾಗಿರುತ್ತಿತ್ತು. ಗೆದ್ದ ಜೋಡಿಗೆ ತೆಂಗಿನಕಾಯಿ, ಬಾಳೆಗೊನೆ. ಉಡುಪಿಯಿಂದ ಬಡಗು ದಿಕ್ಕಿಗೆ ಹೋದರೆ ವಂಡಾರು, ಯಡ್ತಾಡಿ, ಚೋರಾಡಿಯಂಥ ಊರುಗಳಲ್ಲಿ ಈ ಸಂಪ್ರದಾಯದ ಕಂಬಳಗಳು ಉಳಿದುಕೊಂಡಿವೆ. ಅಲ್ಲಿ ಗೆದ್ದವರ ಹೆಸರಿಗಿಂತ ಯಾವ ಮನೆಯ ಕೋಣ ಗದ್ದೆಗೆ ಇಳಿಯಿತು, ಯಾವ ಮನೆಯದು ಈ ವರ್ಷ ಬರಲಿಲ್ಲ ಎಂಬುದು ದೊಡ್ಡ ಸುದ್ದಿ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ ಎಂದೇ ನನ್ನ ಸಲಹೆ.

ಜೋಡುಕರೆ ಕಂಬಳದ ಬಗ್ಗೆ ನನಗೆ ತಕರಾರಿಲ್ಲ. ಕಾಪು ತಾಲ್ಲೂಕಿನ ಕಟಪಾಡಿ ಬೀಡಿನ ಮೂಡು-ಪಡು, ಕಾರ್ಕಳ ಮಿಯ್ಯಾರಿನ ಲವ-ಕುಶ. ಅಕ್ಕಪಕ್ಕದ ಎರಡು ಕರೆಗಳಿಗೆ ಜೋಡಿ ಹೆಸರಿಡುವ ರೂಢಿಯೇ ಎಷ್ಟು ಚಂದ. ರಾತ್ರಿಯಿಡೀ ದೀಪದ ಬೆಳಕು, ಓಟ ಮುಗಿಯುವ ಮಂಜೊಟ್ಟಿಯಲ್ಲಿ ಮೈಯೊಡ್ಡಿ ಕೋಣ ಹಿಡಿಯಲು ನಿಂತ ಹುಡುಗರು, ಹಲ್ಲು ನೋಡಿ ಕಿರಿಯ ಹಿರಿಯ ಎಂದು ವಿಂಗಡಿಸುವ ಹಿರಿಯರು. ಬಹುಮಾನ ಬಾಳೆಗೊನೆಯಿಂದ ಚಿನ್ನದ ಪವನಿಗೆ ಬಂದಿದೆ. ಓಟದ ಕೋಣಗಳಿಗೆ ಹುರುಳಿ ಬೇಯಿಸಿ ಹಾಕುತ್ತಾರೆ, ಎಣ್ಣೆ ತಿಕ್ಕುತ್ತಾರೆ, ಈಜಿಸುತ್ತಾರೆ. ಮಿಯ್ಯಾರಿನಲ್ಲಿ ಪ್ರೊ. ಕೆ. ಗುಣಪಾಲ ಕಡಂಬರು ಕಂಬಳ ಅಕಾಡೆಮಿಯ ಮೂಲಕ ಓಟಗಾರರಿಗೆ ಶಿಸ್ತಿನ ತರಬೇತಿ ಕೊಡುತ್ತ ಬಂದಿದ್ದಾರೆ. ಬೆತ್ತಕ್ಕಿಂತ ಮೈಯ ಕಸುವನ್ನು ನಂಬುವ ಒಂದು ತಲೆಮಾರು ಬೆಳೆದರೆ ಅದರ ಶ್ರೇಯಸ್ಸು ಅಂಥವರದು.

2020ರ ಫೆಬ್ರುವರಿ 1ರಂದು ಐಕಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಇಡೀ ದೇಶ ಅವರನ್ನು ಉಸೇನ್ ಬೋಲ್ಟ್ ಜತೆ ಹೋಲಿಸಿತು. ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು, ಗೌಡರು ನಯವಾಗಿ ಬೇಡವೆಂದರು. ಅವರು ಮಾಡಿದ್ದು ಸರಿ. ಕರೆಯ ಓಟ ಒಬ್ಬನ ಓಟವಲ್ಲ. ಹಗ್ಗ ಹಿಡಿದವನನ್ನು ಕೋಣಗಳು ಎಳೆದುಕೊಂಡು ಹೋಗುತ್ತವೆ, ಅವನು ಆ ಎಳೆತಕ್ಕೆ ಸೋಲದಂತೆ ಕಾಲು ಕೊಡುತ್ತಾನೆ. ಆ ದಿನ ಗೌಡರ ಮುಂದೆ ಓಡಿದ ಎರಡು ಕೋಣಗಳ ಬಗ್ಗೆ ದೆಹಲಿಯ ಪತ್ರಿಕೆಗಳು ಎರಡು ಸಾಲು ಬರೆದಿದ್ದರೆ ನನಗೆ ಹೆಚ್ಚು ಸಂತೋಷವಾಗುತ್ತಿತ್ತು.

ನ್ಯಾಯಾಲಯದ ಕತೆ ಎಲ್ಲರಿಗೂ ತಿಳಿದದ್ದೇ. ಪ್ರಾಣಿಹಿಂಸೆಯೆಂದು ಇಂಥ ಆಟಗಳನ್ನು ತಡೆದ 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪು, 2016ರ ನವೆಂಬರಿನಲ್ಲಿ ಕಂಬಳಕ್ಕೆ ಹೈಕೋರ್ಟಿನ ತಡೆ, 2017ರಲ್ಲಿ ಕಂಬಳಕ್ಕೆ ಅವಕಾಶ ಕೊಟ್ಟ ರಾಜ್ಯದ ತಿದ್ದುಪಡಿ, ಕಡೆಗೆ 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿದದ್ದು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೂ ಕೋಣ ಓಡಿದವು. ಹಿಂಸೆಯ ಪ್ರಶ್ನೆ ಎತ್ತಿದವರನ್ನು ನಾನು ವೈರಿಗಳೆಂದುಕೊಂಡಿಲ್ಲ. ಬೆನ್ನಿನ ಮೇಲೆ ಬಾಸುಂಡೆ ಎದ್ದ ಕೋಣವನ್ನು ನಾನೂ ನೋಡಿದ್ದೇನೆ, ಅಂದು ಊಟ ಸೇರಿರಲಿಲ್ಲ.

ಸಂಪ್ರದಾಯ ಉಳಿಸಬೇಕು ಎನ್ನುವಾಗ ಯಾವುದನ್ನು ಎಂದು ಕೇಳಿಕೊಳ್ಳಲೇಬೇಕು. ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರು ಇಬ್ಬನಿಯಲ್ಲಿ ಡೋಲು ಬಾರಿಸುತ್ತ ಕೂರಬೇಕಿತ್ತು, ಪನಿಕುಲ್ಲುನು ಎಂದು ಅದಕ್ಕೆ ಹೆಸರು. ಬೆಳಗ್ಗೆ ಕೋಣಗಳಿಗಿಂತ ಮೊದಲು ಅವರನ್ನೇ ಗದ್ದೆಯಲ್ಲಿ ಓಡಿಸುತ್ತಿದ್ದರು, ಕೆಸರಿನಲ್ಲಿ ಕಲ್ಲು ಮುಳ್ಳು ಇದ್ದರೆ ಅವರ ಕಾಲಿಗೆ ತಾಗಲಿ ಎಂದು. ಕೊರಗರಿಂದ ಇಂಥದ್ದನ್ನು ಮಾಡಿಸುವ ಪದ್ಧತಿಯೇ ಅಜಲು; 2000ರ ಅಜಲು ನಿಷೇಧ ಕಾಯ್ದೆ ಈ ನೀಚತನವನ್ನು ಅಪರಾಧ ಎಂದಿತು. ಅದನ್ನೂ ಪರಂಪರೆ ಎಂದು ಹಾಡಿ ಹೊಗಳುವವರು ಇಂದಿಗೂ ಸಿಗುತ್ತಾರೆ. ಅವರ ಜತೆ ಒಂದೇ ಚಪ್ಪರದಲ್ಲಿ ಕೂರಲು ನನ್ನಿಂದಾಗದು. ಕೋಣದ ಹಿಂದೆ ಜೀವ ತೇದವರಿಗೆ ಗದ್ದೆ ಇರಲಿಲ್ಲ ಎಂಬುದನ್ನು ಕೋಟದ ಕಾರಂತರು 1930ರ ದಶಕದಲ್ಲೇ ‘ಚೋಮನ ದುಡಿ’ಯಲ್ಲಿ ಬರೆದಿಟ್ಟಿದ್ದಾರೆ. ಚೋಮನಿಗೆ ಎತ್ತಿತ್ತು, ಉಳಲು ತನ್ನದೆಂಬ ಗದ್ದೆ ಇರಲಿಲ್ಲ.

1974ರ ಭೂಸುಧಾರಣೆಯಿಂದ ಗದ್ದೆ ಗೇಣಿದಾರನ ಕೈಗೆ ಬಂತು. ಬಂದ ಗದ್ದೆಯಲ್ಲಿ ಅವನ ಮಕ್ಕಳು ಕೆಲವು ಕಾಲ ಬೆಳೆ ತೆಗೆದರು. ಮೊಮ್ಮಕ್ಕಳು ಮುಂಬೈಗೆ, ಕೊಲ್ಲಿಗೆ, ಮಣಿಪಾಲದ ಕಚೇರಿಗಳಿಗೆ ಹೋದರು. ಗದ್ದೆ ಹಡಿಲು ಬಿತ್ತು. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ನಡೆದು ಎಷ್ಟೋ ವರ್ಷಗಳಿಂದ ಕಳೆ ತುಂಬಿದ್ದ ಬೈಲುಗಳು ಮತ್ತೆ ಹಸಿರಾದಾಗ ಕಣ್ಣು ತುಂಬಿ ಬಂದದ್ದು ನಿಜ. ಆದರೆ ಆ ಗದ್ದೆಗಳಿಗೆ ಇಳಿದದ್ದು ಯಂತ್ರ. ಕಟಾವು ಯಂತ್ರ ಬಂದ ಮೇಲೆ ಬೈಹುಲ್ಲು ತುಂಡಾಗಿ ಕೆಸರಿಗೆ ಬೀಳುತ್ತದೆ. ಮೊದಲಿನ ಹಾಗೆ ಉದ್ದ ಹುಲ್ಲನ್ನು ಬಡಿದು ಕುತ್ತರಿ ಹಾಕುವವರಿಲ್ಲ, ಮುಡಿ ಕಟ್ಟುವವರೂ ಇಲ್ಲ. ಮೇವೂ ಅಂಗಡಿಯದಾದರೆ ಬೇಸಾಯಗಾರ ಕೋಣ ಸಾಕುವುದು ಯಾವ ಧೈರ್ಯದಿಂದ? ಸಾಕುವವರು ಈಗ ಹೆಚ್ಚಾಗಿ ಓಟದ ಕೋಣದ ಯಜಮಾನರು. ಅವರ ಅಕ್ಕರೆ ದೊಡ್ಡದು. ಆದರೆ ಆ ಕೋಣಗಳಿಗೆ ನೇಗಿಲಿನ ಪರಿಚಯವಿಲ್ಲ.

ಮಣಿಪಾಲದ ಹೆರಿಟೇಜ್ ವಿಲೇಜ್‌ಗೆ ಹೋದಾಗಲೆಲ್ಲ ಅದನ್ನು ಕಟ್ಟಿದ ವಿಜಯನಾಥ ಶೆಣೈಯವರಿಗೆ ಮನಸ್ಸಿನಲ್ಲೇ ನಮಸ್ಕರಿಸುತ್ತೇನೆ. ಬಿದ್ದುಹೋಗುತ್ತಿದ್ದ ಮನೆಗಳನ್ನು ಕಂಬ, ತೊಲೆ, ಬಾಗಿಲು ಎಂದು ಬಿಚ್ಚಿ ತಂದು ಮತ್ತೆ ಎತ್ತಿ ನಿಲ್ಲಿಸಿದರು. ಮನೆಯನ್ನು ಹಾಗೆ ಉಳಿಸಬಹುದು. ಕುಟ್ಟಿ ಮತ್ತು ಬೊಳ್ಳನನ್ನು ಉಳಿಸಲು ದಿನವೂ ಹುಲ್ಲು ಬೇಕು, ತೋಡಿನಲ್ಲಿ ನೀರು ಬೇಕು, ಮಳೆ ಬಿದ್ದಾಗ ಇಳಿಯಲು ಗದ್ದೆ ಬೇಕು, ಮೂಲೆಯಲ್ಲಿ ಕಾಯಬಲ್ಲ ಒಬ್ಬ ಮನುಷ್ಯ ಬೇಕು.

ಅದಕ್ಕೇ ಕಂಬಳ ಸಮಿತಿಗಳವರಲ್ಲಿ ಒಂದು ಕೇಳಿಕೆ ಇದೆ. ಈಗಿರುವ ವಿಭಾಗಗಳ ಜತೆಗೆ, ಆ ವರ್ಷ ಊರಿನಲ್ಲಿ ನಿಜವಾಗಿ ಗದ್ದೆ ಉತ್ತ ಜೋಡಿಗಳಿಗೆಂದೇ ಒಂದು ವಿಭಾಗವಿರಲಿ. ಓಟ ಬೇಡ. ಕರೆಯ ಪಕ್ಕದ ಒಂದು ಸಣ್ಣ ಗದ್ದೆಯನ್ನು ಉತ್ತು, ಹಲಗೆ ಹೊಡೆದು ತೋರಿಸಲಿ. ಸಾಲು ನೇರವಿದೆಯೇ, ಮೂಲೆ ಬಿಟ್ಟಿದೆಯೇ, ನೀರು ಸಮವಾಗಿ ನಿಂತಿದೆಯೇ ಎಂದು ಊರಿನ ಹಳೆಯ ಬೇಸಾಯಗಾರರು ನೋಡಲಿ. ಬಹುಮಾನಕ್ಕೆ ಚಿನ್ನ ಬೇಡ, ಒಂದು ವರ್ಷದ ಬೈಹುಲ್ಲು ಕೊಡಿ. ಹಗ್ಗ ಹಿರಿಯ ವಿಭಾಗದ ಫೈನಲಿಗೆ ಸೇರುವಷ್ಟು ಜನ ಸೇರಲಿಕ್ಕಿಲ್ಲ. ಸೇರಿದವರು ಮಾತ್ರ ಹಲಗೆ ಎಂದರೇನೆಂದು ತಿಳಿದು ಹೋಗುತ್ತಾರೆ.

ಕಾರ್ಕಳದಾಚೆಯ ಆ ಬೈಲಿಗೆ ಮೊನ್ನೆ ಮತ್ತೆ ಹೋಗಿದ್ದೆ. ಸುಗ್ಗಿಗೆ ಗದ್ದೆ ಹದ ಮಾಡುತ್ತಿದ್ದರು. ಮೇಳಿ ಹಿಡಿದವನು ಅವರ ತಂಗಿಯ ಮೊಮ್ಮಗ, ಕಾಲೇಜಿಗೆ ಹೋಗುವ ಹುಡುಗ. ಇದು ಅವನ ಮೂರನೆಯ ಭಾನುವಾರವಂತೆ. ಅಜ್ಜ ಹುಣಿಯ ಮೇಲೆ ಕುಕ್ಕುರುಗಾಲಿನಲ್ಲಿ ಕೂತು ನೋಡುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. ಮೂಲೆ ಬಂತು. ಕುಟ್ಟಿ ಕಾಲು ತಡೆದು ನಿಂತ. ಹುಡುಗನ ಕೈ ಹಗ್ಗದ ಕಡೆಗೆ ಹೋಯಿತು, ಹಾಗೆಯೇ ನಿಂತಿತು. ಅವನು ಕಾದ. ಬೊಳ್ಳ ನಿಧಾನವಾಗಿ ಸುತ್ತಿ ಬಂದ.