ಕದಲದ ಮುಖದ ನಗೆ

ಆಟಿಕೆ ಗೊಂಬೆಗಳನ್ನು ನಿಲ್ಲಿಸಿ, ಫೋಟೊ ತೆಗೆದು, ಮಾತಿನ ಗುಳ್ಳೆ ಅಂಟಿಸಿ ಕಾಮಿಕ್ಸ್ ಮಾಡುವುದು ಚಿತ್ರ ಬಿಡಿಸಲು ಬಾರದವರ ಅಡ್ಡದಾರಿ ಎನ್ನುವವರಿದ್ದಾರೆ. ನನಗೆ ಅದು ಹೆಚ್ಚು ಕಷ್ಟದ ದಾರಿಯಾಗಿ ಕಾಣುತ್ತದೆ. ಚಿತ್ರಕಾರ ಪಾತ್ರದ ಹುಬ್ಬು ಗಂಟಿಕ್ಕಿಸಿದರೆ ಅದಕ್ಕೆ ಸಿಟ್ಟು ಬಂತು. ಗೊಂಬೆಗಾದರೋ ಅಚ್ಚಿನಿಂದ ಹೊರಬಂದ ಮುಖವೇ ಮದುವೆಗೂ ಮಸಣಕ್ಕೂ. ನಗು ಹುಟ್ಟುವುದು ಈ ಕೊರತೆಯಿಂದಲೇ. ಬರ್ನಿ ಹೌ ಅವರ ‘ಏಲಿಯನ್ ಲವ್ಸ್ ಪ್ರಿಡೇಟರ್’ನಲ್ಲಿ ಸಿನಿಮಾದ ಎರಡು ಭೀಕರ ಜೀವಿಗಳು ನ್ಯೂಯಾರ್ಕಿನಲ್ಲಿ ಒಂದೇ ಮನೆಯಲ್ಲಿ ವಾಸಿಸುತ್ತವೆ. ಕೋರೆಹಲ್ಲು ಹಾಗೇ ಇರುತ್ತದೆ, ಮಾತು ಮಾತ್ರ ರೂಮಿನ ಗೆಳೆಯರದ್ದು. ಸಿಡ್ನಿಯ ಡೇವಿಡ್ ಮಾರ್ಗನ್-ಮಾರ್ 2002ರ ಡಿಸೆಂಬರ್ 31ರಂದು ಶುರುಮಾಡಿದ ‘ಇರ್ರೆಗ್ಯುಲರ್ ವೆಬ್‌ಕಾಮಿಕ್’ ಹೆಚ್ಚಾಗಿ ಲೆಗೊ ಗೊಂಬೆಗಳನ್ನು ನೆಚ್ಚಿಕೊಂಡು ವರ್ಷಗಟ್ಟಲೆ ದಿನವೂ ನಡೆಯಿತು.

ತೊಗಲು ಗೊಂಬೆಯಾಟ ಕಂಡವರಿಗೆ ಇದು ಅಚ್ಚರಿಯಲ್ಲ. ಅದರ ಹಾಸ್ಯ ಪಾತ್ರಗಳಾದ ಕಿಳ್ಳೇಕ್ಯಾತ, ಬಂಗಾರಕ್ಕರ ಮುಖ ಚರ್ಮದಲ್ಲಿ ಕತ್ತರಿಸಿದ್ದು, ಕದಲುವುದಿಲ್ಲ. ಜನ ನಗುವುದು ಆಡಿಸುವವರ ಮಾತಿಗೆ. ಅಲ್ಲಿ ದನಿಯಿದೆ, ಕುಣಿತವಿದೆ, ಫೋಟೊದಲ್ಲಿ ಎರಡೂ ಇಲ್ಲವಲ್ಲ ಎಂಬ ತಕರಾರು ನ್ಯಾಯವಾದದ್ದೇ. ಆ ಜಾಗ ತುಂಬುವುದು ಚೌಕಟ್ಟು. ಎರಡು ಚೌಕದಲ್ಲಿ ಮಾತಾಡಿಸಿ, ಮೂರನೆಯದರಲ್ಲಿ ಅದೇ ಭಂಗಿಯಲ್ಲಿ ಸುಮ್ಮನಿರಿಸಿದರೆ, ಗೊಂಬೆ ಪೆಚ್ಚಾದದ್ದು ಓದುಗನಿಗೆ ತಾನಾಗಿ ಕಾಣುತ್ತದೆ.

ಇನ್ನೊಂದು ಬಲ ಅಳತೆಯದು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್‌ನ ಶಿಲ್ಪಗಳು ಆಳೆತ್ತರದವು. ಪಕ್ಕದಲ್ಲಿ ನಿಂತರೆ ನಾವೂ ಆ ಊರಿನವರೇ ಆಗುತ್ತೇವೆ. ಅಂಗೈಯ ಗೊಂಬೆ ಮಾಡುವುದು ಇದರ ತಿರುಗುಮುರುಗು. ಲೆಗೊ ಗೊಂಬೆಯ ಎತ್ತರ 4 ಸೆಂಟಿಮೀಟರ್. ಬ್ಯಾಡಗಿ ಕಡ್ಡಿ ಮೆಣಸಿನಕಾಯಿಯ ಉದ್ದ 12ರಿಂದ 15. ಗೊಂಬೆಯ ಮುಂದೆ ಆ ಕಾಯಿ ಇಟ್ಟು, ಕ್ಯಾಮೆರಾವನ್ನು ನೆಲಕ್ಕೆ ತಾಗಿಸಿ, ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ: ನೆರಿಗೆ ನೆರಿಗೆಯಾದ ಕೆಂಪು ಸಿಪ್ಪೆಯ ಒಂದೊಂದು ಮಡಿಕೆಯೂ ಹತ್ತಿ ದಾಟಬೇಕಾದ ದಿಣ್ಣೆ. ರಾಣೆಬೆನ್ನೂರಿನ ಕುರುಚಲು ಬಯಲಿನ ಹುಲ್ಲೂ ಹೀಗೇ ಕಾಡಾದೀತು. ಇನ್ನು ಹಾವೇರಿಯ ಏಲಕ್ಕಿ ಹಾರ! ಜಗತ್ತನ್ನು ಕಾಪಾಡಿದ ವೀರನಿಗೆ ಸನ್ಮಾನವೆಂದು ಆ ಹಾರ ಹಾಕಿದರೆ ಕಾಣುವುದು ಕಣ್ಣೆರಡೇ. ಸ್ವಾಗತದಿಂದ ವಂದನಾರ್ಪಣೆಯವರೆಗೆ ಮುಖಭಾವ ಒಂದೇ.

ಪರರ ಪಾತ್ರ ಎತ್ತಿಕೊಂಡು ಆಡುವುದು ಸರಿಯೇ ಎಂದು ಕೇಳಬಹುದು. ರಾವಣನೂ ಗೊಂಬೆಯಾಟದವರ ಸೃಷ್ಟಿಯಲ್ಲ, ಅವನ ಪಕ್ಕದಲ್ಲಿ ಆಡಿಸಿದ ಚೇಷ್ಟೆ ಅವರದು. ಅಚ್ಚುಹಾಕಿಸಿ ಮಾರಲು ಹೊರಟರೆ ಮಾತ್ರ ಕಂಪನಿಯ ಹಕ್ಕಿನ ಪ್ರಶ್ನೆ ಬಂದೇ ಬರುತ್ತದೆ. ಆಗ ಸ್ವಂತ ಗೊಂಬೆ ಮಾಡಿಕೊಳ್ಳುವುದೇ ಸರಿ. ಆದರೆ ಸ್ಪೈಡರ್‌ಮ್ಯಾನ್ ಹಾರ ಹೊತ್ತು ನಿಂತ ಕೂಡಲೇ ನಗು ಬರುವುದು ಅವನ ಗತ್ತು ಎಲ್ಲರಿಗೂ ಗೊತ್ತಿರುವುದರಿಂದ. ಹೊಸ ಗೊಂಬೆಯ ಗತ್ತನ್ನು ಮೊದಲು ಹತ್ತಾರು ಕಂತುಗಳಲ್ಲಿ ಕಟ್ಟಬೇಕು, ಹಾರ ಹಾಕುವುದು ಆಮೇಲೆ.