ನೋದಾಮೆ ಮತ್ತು ನಮ್ಮ ಮನೆಯ ಶ್ರುತಿಪೆಟ್ಟಿಗೆ

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಅದರಲ್ಲಿ ಇಪ್ಪತ್ತಾರು ವರ್ಷ ಮುಂಬೈ, ಉಳಿದದ್ದು ಊರೂರು ವರ್ಗ. ಟಿ.ವಿ. ಧಾರಾವಾಹಿಗಳೆಂದರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ಸಂಗೀತದಲ್ಲೂ ಪಂಡಿತನೇನಲ್ಲ, ಷಣ್ಮುಖಾನಂದ ಸಭಾಗೃಹದ ಹಿಂದಿನ ಸಾಲಿನಲ್ಲಿ ಕೂತು, ರಾಗದ ಹೆಸರನ್ನು ಪಕ್ಕದವರ ಹತ್ತಿರ ಕೇಳಿ ತಿಳಿದುಕೊಳ್ಳುವ ಜಾತಿ. ಅಂಥವನು ಈಗ ಜಪಾನಿನ ಒಂದು ಧಾರಾವಾಹಿಯ ಬಗ್ಗೆ, ಅದೂ ಪಾಶ್ಚಾತ್ಯ ಸಂಗೀತ ಕಲಿಯುವ ಹುಡುಗರ ಕತೆಯ ಬಗ್ಗೆ ಬರೆಯಲು ಕೂತಿದ್ದಾನೆ ಅಂದರೆ ಚೆಂಬೂರಿನ ನಮ್ಮ ವಾಕಿಂಗ್ ಬಳಗ ನಗದೇ ಇರದು. ನಗಲಿ ಬಿಡಿ.

2024ರ ಮಳೆಗಾಲದಲ್ಲಿ ನಾನೂ ನನ್ನ ಹೆಂಡತಿಯೂ ಪುಣೆಯಲ್ಲಿ ಮಗಳ ಮನೆಯಲ್ಲಿದ್ದೆವು. ಅಳಿಯಂದಿರು ಕಂಪನಿ ಕೆಲಸದ ಮೇಲೆ ಎರಡು ತಿಂಗಳು ಹೊರಗೆ ಹೋಗಿದ್ದರು. ಮೊಮ್ಮಗಳಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಇಂಗ್ಲಿಷು, ಲಿಫ್ಟಿನಲ್ಲಿ ಮರಾಠಿ, ಅಜ್ಜ ಅಜ್ಜಿಯ ಹತ್ತಿರ ಮಾತ್ರ ಕನ್ನಡ. ವಾರಕ್ಕೆ ಎರಡು ದಿನ ಕೀಬೋರ್ಡ್ ಕ್ಲಾಸು ಬೇರೆ. ಹೊರಗೆ ಮಳೆ, ಒಳಗೆ ಮಾಡಲು ಕೆಲಸವಿಲ್ಲ. ಒಂದು ರಾತ್ರಿ ಊಟವಾದ ಮೇಲೆ ಮಗಳು ತನ್ನ ಕಾಲೇಜು ಕಾಲದ ಹಳೆಯ ಡಿಸ್ಕುಗಳನ್ನು ಹುಡುಕಿ ತೆಗೆದು, "ಇದನ್ನ ನೋಡೋಣ, ದಿನಕ್ಕೊಂದು ಕಂತು" ಅಂದಳು. ಹೆಸರು 'ನೋದಾಮೆ ಕಾಂತಾಬಿಲೆ'.

ಓದುಗರಿಗೆ ಸ್ವಲ್ಪ ವಿವರ ಕೊಡಬೇಕು. ತೋಮೊಕೊ ನಿನೊಮಿಯಾ ಎಂಬಾಕೆ ಬರೆದ ಚಿತ್ರಕತೆ ಇದರ ಮೂಲ. 'ಕಿಸ್' ಎಂಬ ಮಹಿಳಾ ಪತ್ರಿಕೆಯಲ್ಲಿ 2001ರಿಂದ ಅದು ಹರಿದು ಬಂತು, 2004ರಲ್ಲಿ ಕೊದಾನ್ಶಾ ಪ್ರಶಸ್ತಿ ಪಡೆಯಿತು. ಫೂಜಿ ಟೆಲಿವಿಷನ್‌ನವರು ಅದನ್ನು ಹನ್ನೊಂದು ಕಂತುಗಳ ಧಾರಾವಾಹಿ ಮಾಡಿ 2006ರ ಅಕ್ಟೋಬರಿನಿಂದ ಡಿಸೆಂಬರ್ ತನಕ ಪ್ರತಿ ಸೋಮವಾರ ರಾತ್ರಿ 9ಕ್ಕೆ ತೋರಿಸಿದರು. ಟೋಕಿಯೋದ ಒಂದು ಸಂಗೀತ ಕಾಲೇಜು. ಅಲ್ಲಿ ಚಿಯಾಕಿ ಎಂಬ ಹುಡುಗ: ಪಿಯಾನೊ, ಪಿಟೀಲು ಎರಡರಲ್ಲೂ ನಿಪುಣ, ಕಂಡಕ್ಟರ್ ಆಗುವ ಆಸೆ, ಮೂಗಿನ ತುದಿಯಲ್ಲಿ ಕೋಪ. ಅವನ ಪಕ್ಕದ ಮನೆಯಲ್ಲಿ ಮೆಗುಮಿ ನೋದಾ, ಅಂದರೆ ನೋದಾಮೆ: ಸ್ವರಲಿಪಿ ಓದುವುದೆಂದರೆ ಆಗದು, ಒಮ್ಮೆ ಕೇಳಿದ್ದನ್ನು ಹಾಗೇ ನುಡಿಸುತ್ತಾಳೆ, ದಿನಗಟ್ಟಲೆ ತಲೆಗೆ ನೀರು ಹಾಕಿಕೊಳ್ಳುವುದಿಲ್ಲ, ಕಾಲಿಡಲು ಜಾಗವಿಲ್ಲದಷ್ಟು ಕಸ ತುಂಬಿದ ಕೋಣೆ. ಮುಂದೆ ಏನಾಗುತ್ತೀ ಅಂದರೆ ಶಿಶುವಿಹಾರದ ಟೀಚರ್ ಆಗುತ್ತೇನೆ ಅನ್ನುತ್ತಾಳೆ. ಚಿಯಾಕಿಯಾಗಿ ಹಿರೋಶಿ ತಮಾಕಿ, ನೋದಾಮೆಯಾಗಿ ಜುರಿ ಉಯೆನೊ.

ಮೊದಲ ರಾತ್ರಿ ನನಗೆ ತಡೆಯಲಾಗಲಿಲ್ಲ. ಮನುಷ್ಯರು ಬೊಂಬೆಗಳ ಹಾಗೆ ಹಾರುತ್ತಾರೆ. ಹಾಗೆ ಅನ್ನುವುದೇನು, ಚಿಯಾಕಿ ಅವಳನ್ನು ಎತ್ತಿ ಎಸೆದರೆ ತೆರೆಯ ಮೇಲೆ ನಿಜವಾಗಿಯೂ ಒಂದು ಬೊಂಬೆಯೇ ಹಾರಿಹೋಗುತ್ತದೆ. ಅವಳು 'ಗ್ಯಾಬೋ' ಅಂತ ಏನೋ ಕಿರುಚುತ್ತಾಳೆ. ಇದರ ಮೇಲೆ ಮಕ್ಕಳಿಗಾಗಿ ಅವಳು ಕಟ್ಟಿದ ಹೂಸಿನ ವ್ಯಾಯಾಮದ ಹಾಡು! ಮೊಮ್ಮಗಳು ಬಿದ್ದು ಬಿದ್ದು ನಕ್ಕಳು, ನನ್ನ ಹೆಂಡತಿ "ಶಿವ ಶಿವ" ಅಂದಳು. ನಾನು "ಇದೆಂಥ ಹುಚ್ಚಾಟ" ಅಂದು ಅರ್ಧಕ್ಕೇ ಎದ್ದು ಮಲಗಲು ಹೋದೆ.

ಬ್ಯಾಂಕಿನಲ್ಲಿ ಯಾವ ಖಾತೆಗೂ ಸೇರದ ಮೊತ್ತ ಬಂದರೆ ಸಸ್ಪೆನ್ಸ್ ಅಕೌಂಟಿಗೆ ಹಾಕುತ್ತಿದ್ದೆವು. ಆ ಹುಡುಗಿಯನ್ನೂ ಅಲ್ಲಿಗೆ ಹಾಕಿ ನಿದ್ದೆ ಹೋದೆ. ಮಾರನೆಯ ರಾತ್ರಿ ಮಗಳು ಬಿಡಲಿಲ್ಲ. "ಅಪ್ಪ, ಮಿಕ್ಕ ಅರ್ಧ ನೋಡಿ. ಆಮೇಲೆ ಬೇಕಾದಷ್ಟು ಬೈಯಿರಿ" ಅಂದಳು.

ಆ ಮಿಕ್ಕ ಅರ್ಧದಲ್ಲಿ ಮೊಜಾರ್ಟ್ 1781ರಲ್ಲಿ ಎರಡು ಪಿಯಾನೊಗಳಿಗಾಗಿ ಬರೆದ ಸೊನಾಟಾ ಇದೆ. ಇಬ್ಬರೂ ಸೇರಿ ನುಡಿಸಬೇಕು. ಚಿಯಾಕಿ ದಿನವೂ ಗದರುತ್ತಾನೆ: ಬರೆದ ಹಾಗೆ ನುಡಿಸು, ಒಂದು ಸ್ವರ ಹೆಚ್ಚು ಕಡಿಮೆ ಆಗಕೂಡದು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಆ ಕಾಗದಕ್ಕೆ ಇರುವ ಅಧಿಕಾರ ನಮಗೆ ಬೇಗ ಅರ್ಥವಾಗುವುದಿಲ್ಲ. ನಮ್ಮಲ್ಲಿ ಪುಸ್ತಕದಲ್ಲಿ ಬರೆದ ಸ್ವರ ನೆನಪಿಗೆ ಊರುಗೋಲು ಮಾತ್ರ. ಗಮಕ ಗುರುವಿನ ಬಾಯಿಂದಲೇ ಬರಬೇಕು. ಅಲ್ಲಿ ಹಾಗಲ್ಲ. ವೋಚರಿನಲ್ಲಿ ಇದ್ದಂತೆಯೇ ಲೆಡ್ಜರಿನಲ್ಲಿ ಇರಬೇಕು. ಮೂವತ್ತೇಳು ವರ್ಷ ಅದನ್ನೇ ಮಾಡಿದ ನಾನು ಸಹಜವಾಗಿ ಚಿಯಾಕಿಯ ಪಕ್ಷ. ಆದರೆ ವೇದಿಕೆ ಹತ್ತುವ ಹೊತ್ತಿಗೆ ಅವನು ಮನಸ್ಸು ಬದಲಾಯಿಸುತ್ತಾನೆ. ನೀನು ನಿನ್ನಿಷ್ಟದಂತೆ ನುಡಿಸು, ನಾನು ಹೊಂದಿಸಿಕೊಳ್ಳುತ್ತೇನೆ ಅನ್ನುತ್ತಾನೆ. ಅಲ್ಲಿಂದ ಎರಡು ಪಿಯಾನೊಗಳೂ ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತವೆ. ಅವನ ಮುಖದಲ್ಲಿ ಆವರೆಗೆ ಕಾಣದ ಒಂದು ನಗು. ನಾನು ಕುರ್ಚಿಯಿಂದ ಏಳಲಿಲ್ಲ.

'ಕಾಂತಾಬಿಲೆ' ಅಂದರೆ ಹಾಡಿದಂತೆ ನುಡಿಸು ಎಂಬ ಸೂಚನೆಯಂತೆ. ಹೆಸರಿನಲ್ಲೇ ಧಾರಾವಾಹಿಯ ವಾದವಿದೆ. ಹಾಗಂತ ಇದು ಶಿಸ್ತು ಬೇಡ, ಹುಚ್ಚೇ ಸಾಕು ಅನ್ನುವ ಅಗ್ಗದ ಉಪದೇಶವಲ್ಲ. ಚಿಯಾಕಿಯ ಕಟ್ಟುನಿಟ್ಟು ಇಲ್ಲದಿದ್ದರೆ ನೋದಾಮೆ ಕಸದ ಕೋಣೆಯಲ್ಲೇ ಉಳಿಯುತ್ತಿದ್ದಳು. ನೋದಾಮೆ ಇಲ್ಲದಿದ್ದರೆ ಚಿಯಾಕಿ ಒಂದೂ ತಪ್ಪಿಲ್ಲದ, ಒಂದೂ ಜೀವವಿಲ್ಲದ ಬ್ಯಾಲೆನ್ಸ್ ಶೀಟ್ ಆಗುತ್ತಿದ್ದ. ಹುಚ್ಚಾಟ ಅಂತ ನಾನು ಕಡೆಗಣಿಸಿದ್ದು ಈ ವಾದವನ್ನು ಹೇಳುವ ಬಗೆಯೇ ಆಗಿತ್ತು.

ಸಂಗೀತವನ್ನು ಇವರು ಹಿನ್ನೆಲೆಗೆ ಹಾಕಿ ಮರೆತಿಲ್ಲ. ಪ್ರತಿ ಕಂತೂ ಬೀಥೋವನ್‌ನ ಏಳನೆಯ ಸಿಂಫನಿಯಿಂದ ತೆರೆದುಕೊಳ್ಳುತ್ತದೆ. ಮುಗಿಯುವಾಗ ಗರ್ಶ್ವಿನ್ 1924ರಲ್ಲಿ ಬರೆದ 'ರಾಪ್ಸಡಿ ಇನ್ ಬ್ಲೂ'. ಕಾಲೇಜಿನ ಉತ್ಸವದಲ್ಲಿ ಅದೇ ಗರ್ಶ್ವಿನ್ ಕೃತಿಗೆ ನೋದಾಮೆ ಮುಂಗುಸಿಯ ವೇಷ ಹಾಕಿಕೊಂಡು, ಶಾಲೆಯ ಮಕ್ಕಳು ಊದುವ ಮೆಲೋಡಿಕಾ ಹಿಡಿದು ಬರುತ್ತಾಳೆ. ಅಲ್ಲೇ ಚಿಯಾಕಿ ನುಡಿಸುವುದು ರಾಖ್ಮನಿನಫ್‌ನ ಎರಡನೆಯ ಪಿಯಾನೊ ಕಾನ್ಚೆರ್ಟೊ. ಇದರಲ್ಲಿ ಒಂದು ಸ್ವಾರಸ್ಯವಿದೆ. 1897ರಲ್ಲಿ ತನ್ನ ಮೊದಲ ಸಿಂಫನಿ ಸೋತ ಮೇಲೆ ರಾಖ್ಮನಿನಫ್ ಖಿನ್ನನಾಗಿ ಬರೆಯುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿದ್ದ. ನಿಕೊಲಾಯ್ ದಾಲ್ ಎಂಬ ವೈದ್ಯ ಹಿಪ್ನಾಟಿಸಂ ಚಿಕಿತ್ಸೆ ಕೊಟ್ಟು ಅವನನ್ನು ಎಬ್ಬಿಸಿದ. ಆಮೇಲೆ ಹುಟ್ಟಿದ ಈ ಕೃತಿ ಆ ವೈದ್ಯನಿಗೇ ಅರ್ಪಿತ. ಇತ್ತ ಚಿಯಾಕಿಗೆ ವಿಮಾನದ ಭಯ. ಚಿಕ್ಕಂದಿನಲ್ಲಿ ಕೂತ ವಿಮಾನ ಅಪಾಯದಲ್ಲಿ ಇಳಿದದ್ದನ್ನು ಕಂಡವನು, ಸಮುದ್ರವೂ ಆಗದು. ಯುರೋಪಿನ ಸಂಗೀತ ಕಲಿತವನು ಯುರೋಪಿಗೆ ಹೋಗಲಾರ! ಕೊನೆಗೆ ನೋದಾಮೆಯೇ ಅವನನ್ನು ಹಿಪ್ನಾಟಿಸಂನಿಂದ ಬಿಡಿಸುತ್ತಾಳೆ. ನೋಡುವಾಗ ತಮಾಷೆ ಅನ್ನಿಸಿತ್ತು. ರಾಖ್ಮನಿನಫ್ ಕತೆ ಗೊತ್ತಾದ ಮೇಲೆ ತಮಾಷೆಯ ಬುಡದಲ್ಲಿ ಗಟ್ಟಿ ನೆಲ ಇದೆ ಅನ್ನಿಸಿತು.

ಇನ್ನೊಂದು ಮಾತು. ಇದು ಪರಊರಿನಲ್ಲಿ ಪಕ್ಕದ ಮನೆ ಸಿಕ್ಕವರ ಕತೆಯೂ ಹೌದು. ಚಿಯಾಕಿ ಬೈಯುತ್ತಲೇ ಅವಳ ಕೋಣೆ ಗುಡಿಸುತ್ತಾನೆ, ಬೈಯುತ್ತಲೇ ಅಡುಗೆ ಮಾಡಿ ಬಡಿಸುತ್ತಾನೆ. ನಾನು ಮುಂಬೈಗೆ ಬಂದ ಹೊಸದರಲ್ಲಿ ಮಾಟುಂಗಾದ ಒಂದು ಕೋಣೆಯಲ್ಲಿ ನಾಲ್ವರಿದ್ದೆವು. ಒಬ್ಬ ದಿನಾ ಬೆಳಿಗ್ಗೆ ಐದಕ್ಕೆ ದಾಸರ ಪದ ಶುರು ಮಾಡುತ್ತಿದ್ದ, ಶ್ರುತಿಯ ಹಂಗಿಲ್ಲದೆ. ಉಳಿದ ಮೂವರೂ ದಿಂಬು ಎಸೆಯುತ್ತಿದ್ದೆವು. ಅವನಿಗೆ ನಾಗಪುರಕ್ಕೆ ವರ್ಗವಾದ ಮೇಲೆ ಒಂದು ವಾರ ಮೂವರಿಗೂ ಐದಕ್ಕೇ ಎಚ್ಚರ. ಬೆಳಕು ಹರಿಯುವ ತನಕ ಯಾರೂ ಮಾತಾಡುತ್ತಿರಲಿಲ್ಲ. ಕುಡಿದು ಬಾಗಿಲ ಹೊರಗೆ ಬಿದ್ದಿದ್ದ ಚಿಯಾಕಿ, ಒಳಗೆ ನೋದಾಮೆ ನುಡಿಸುವ ಬೀಥೋವನ್‌ನ 'ಪಾಥೆಟಿಕ್' ಕೇಳಿ ಕಣ್ಣು ಬಿಡುವ ದೃಶ್ಯವನ್ನು ಎರಡನೆಯ ಸಲ ನೋಡಿದಾಗ ನನಗೆ ನೆನಪಾದದ್ದು ಆ ಬೆಳಗುಗಳು.

ತಪ್ಪುಗಳಿಲ್ಲವೆ? ಇವೆ, ಸಣ್ಣವಲ್ಲ. ಜರ್ಮನಿಯ ಕಂಡಕ್ಟರ್ ಸ್ಟ್ರೆಸೆಮನ್ ಪಾತ್ರಕ್ಕೆ ನಾಓತೊ ತಾಕೆನಾಕಾ ಎಂಬ ಜಪಾನೀ ನಟನಿಗೆ ಕೃತಕ ಮೂಗು, ಬಿಳಿ ಕೂದಲು ಅಂಟಿಸಿದ್ದಾರೆ. ಅದನ್ನು ನಾಟಕದ ವೇಷ ಅಂತ ಒಪ್ಪಬಹುದು. ಆದರೆ ಆ ಮುದುಕ ವಿದ್ಯಾರ್ಥಿನಿಯರ ಹಿಂದೆ ಬೀಳುವುದನ್ನೆಲ್ಲ ಹಾಸ್ಯ ಮಾಡಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ಮೊಮ್ಮಗಳು ಪಕ್ಕದಲ್ಲಿ ಕೂತಿದ್ದಾಗ ಇನ್ನೂ ಇಲ್ಲ.

ಅದಕ್ಕಿಂತ ದೊಡ್ಡ ತಪ್ಪು ಹೊಡೆತದ್ದು. ಹೊಸದಾಗಿ ನೋದಾಮೆಗೆ ಕಲಿಸಲು ಬರುವ ಎತೋ ಎಂಬ ಮೇಷ್ಟರ ಕೈಯಲ್ಲಿ ಯಾವಾಗಲೂ ಮಡಿಸಿದ ಕಾಗದದ ಬೀಸಣಿಗೆ, ಹೊಡೆಯಲಿಕ್ಕೆ. ಅವಳು ಅವರ ಕೈಗೆ ಸಿಗದೆ ಓಡುತ್ತಾಳೆ. ಬೀಸಣಿಗೆ ಬದಿಗಿಟ್ಟು ಅವಳ ದಾರಿಗೆ ಇಳಿದ ಮೇಲೆಯೇ ಪಾಠ ಮುಂದೆ ಸಾಗುವುದು. ಯಾಕೆ ಅಂತ ಕೊನೆಯ ಕಂತುಗಳಲ್ಲಿ ಗೊತ್ತಾಗುತ್ತದೆ: ಎಳೆಯ ವಯಸ್ಸಿನಲ್ಲೇ ಅವಳ ಪ್ರತಿಭೆ ಕಂಡು ದೊಡ್ಡ ಕಲಾವಿದೆ ಮಾಡಲು ಹೊರಟ ಗುರುವೊಬ್ಬರು ಅವಳ ಮೇಲೆ ಕೈ ಮಾಡಿದ್ದರು. ಶಿಶುವಿಹಾರದ ಟೀಚರ್ ಆಗುತ್ತೇನೆ ಎಂಬ ಮಾತಿನ ಒಳಗೆ ಇರುವುದು ಆ ಪೆಟ್ಟು. ಇಷ್ಟು ಸೂಕ್ಷ್ಮವಾಗಿ ಇದನ್ನು ಹೇಳುವ ಧಾರಾವಾಹಿ, ಅದೇ ಹುಡುಗಿಯನ್ನು ಚಿಯಾಕಿ ಹೊಡೆದಾಗ ಬೊಂಬೆ ಹಾರಿಸಿ ನಗಿಸುತ್ತದೆ. ಒಂದೇ ಪುಸ್ತಕದಲ್ಲಿ ಒಂದೇ ಮೊತ್ತ ಒಮ್ಮೆ ಜಮೆ, ಒಮ್ಮೆ ಖರ್ಚು. ಈ ಲೆಕ್ಕ ತಾಳೆಯಾಗುವುದಿಲ್ಲ.

ಈ ಮಾತನ್ನು ನಾನು ಅಂದೇ ರಾತ್ರಿ, ಸ್ವಲ್ಪ ಹೆಮ್ಮೆಯಿಂದಲೇ, ಮಗಳಿಗೆ ಹೇಳಿದೆ. ಮೊಮ್ಮಗಳು ನಿದ್ದೆ ಹೋಗಿದ್ದಳು. ಮಗಳು ಟಿ.ವಿ. ಆರಿಸಿ, "ನನಗೂ ಹೊಡೀತಿದ್ರು ಅಪ್ಪ" ಅಂದಳು.

1998ರ ಮಾತು. ಅವಳಿಗೆ ಹತ್ತು ವರ್ಷ. ಚೆಂಬೂರಿನಲ್ಲಿ ನಮ್ಮ ಮನೆಗೆ ಹತ್ತಿರದಲ್ಲೇ ಸಂಗೀತ ಪಾಠ. ಊರಿಂದ ದೂರ ಇದ್ದೇವೆ, ಮಗುವಿಗೆ ನಮ್ಮ ಸಂಗೀತವಾದರೂ ಬರಲಿ ಅಂತ ನಾನೇ ಸೇರಿಸಿದ್ದೆ. ಶಿವಮೊಗ್ಗದಿಂದ ನಮ್ಮಮ್ಮನ ಶ್ರುತಿಪೆಟ್ಟಿಗೆಯನ್ನು ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದೆ. ಸರಳೆ, ಜಂಟಿ, ಗೀತೆ ಮುಗಿಸಿ ವರ್ಣಕ್ಕೆ ಬಂದಿದ್ದಳು. ಇದ್ದಕ್ಕಿದ್ದಂತೆ ಒಂದು ದಿನ ಹೋಗಲ್ಲ ಅಂದಳು, ಹೋಗಲೇ ಇಲ್ಲ. ನಾನು ಡೈರಿ ತೆಗೆದು ಎಷ್ಟು ತಿಂಗಳ ಫೀಸು ದಂಡವಾಯಿತು ಅಂತ ಲೆಕ್ಕ ಹಾಕಿ ಅವಳ ಎದುರೇ ಓದಿದ್ದೆ.

"ನನಗೆ ಹೇಳಬಾರದಿತ್ತಾ?" ಅಂದೆ.

"ಹೇಳಿದ್ದೆ. ಹೊಡೆಯದೆ ವಿದ್ಯೆ ಬರುತ್ತಾ ಅಂದಿದ್ರಿ."

ನನಗೆ ನೆನಪಿರಲಿಲ್ಲ. ಆದರೆ ಆ ಮಾತು ನನ್ನದೇ ಅಂತ ಕೇಳಿದ ಕೂಡಲೇ ಗೊತ್ತಾಯಿತು. ನಮ್ಮಪ್ಪನೂ ಅದನ್ನೇ ಅನ್ನುತ್ತಿದ್ದರು. ಕಾಲೇಜಿನಲ್ಲಿದ್ದಾಗ ಇವಳು ಈ ಡಿಸ್ಕುಗಳನ್ನು ಮತ್ತೆ ಮತ್ತೆ ಹಾಕಿಕೊಂಡು ನೋಡುತ್ತಿದ್ದಾಗ, ಬಾಗಿಲ ಆಚೆಯಿಂದ "ಪರೀಕ್ಷೆ ಹತ್ತಿರ ಬಂತು" ಅಂತ ಕೂಗಿದವನೂ ನಾನೇ.

ಮಾರನೆಯ ರಾತ್ರಿ ಕೊನೆಯ ಕಂತು. ಪಿಯಾನೊ ಸ್ಪರ್ಧೆಯಲ್ಲಿ ಸ್ಟ್ರಾವಿನ್‌ಸ್ಕಿಯ 'ಪೆತ್ರುಷ್ಕಾ' ನುಡಿಸುವಾಗ, ದಾರಿಯಲ್ಲಿ ಕಿವಿಗೆ ಬಿದ್ದ ಟಿ.ವಿ. ಅಡುಗೆ ಕಾರ್ಯಕ್ರಮದ ರಾಗ ನುಗ್ಗಿ ಬಂದು ನೋದಾಮೆ ಸೋತಿದ್ದಾಳೆ. ಯಾರಿಗೂ ಹೇಳದೆ ಊರಿಗೆ, ಕ್ಯೂಶು ದ್ವೀಪದ ಓಕಾವಾಗೆ, ಹೋಗಿಬಿಟ್ಟಿದ್ದಾಳೆ. ಕಡಲಪಾಚಿ ಬೆಳೆಯುವ ಮನೆ. ಅಲ್ಲಿಯವರ ಜಪಾನಿ ಟೋಕಿಯೋದ ಜಪಾನಿಯಲ್ಲ, ಊರಿನ ಆಡುಮಾತು. ಇಂಗ್ಲಿಷ್ ಅಡಿಬರಹದಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ, ಕಿವಿಗೆ ಮಾತ್ರ ಗೊತ್ತಾಗುತ್ತದೆ. ನನ್ನ ಹೆಂಡತಿ ಶಿವಮೊಗ್ಗಕ್ಕೆ ಫೋನ್ ಹಚ್ಚಿದಾಗ ಅವಳ ದನಿ ಬದಲಾಗುತ್ತದಲ್ಲ, ಹಾಗೆ. ಚಿಯಾಕಿ ಅಲ್ಲಿಯವರೆಗೂ ಹುಡುಕಿಕೊಂಡು ಹೋಗುತ್ತಾನೆ. ಮುಂದೆ ಇಬ್ಬರೂ ಹೊರಡುವುದು ಪ್ಯಾರಿಸ್ಸಿಗೆ. ಊರಿಗೆ ಮರಳುವುದು ಸೋಲೂ ಅಲ್ಲ, ಊರು ಬಿಡುವುದು ದ್ರೋಹವೂ ಅಲ್ಲ ಅಂತ ಧಾರಾವಾಹಿ ಭಾಷಣವಿಲ್ಲದೆ ಹೇಳುತ್ತದೆ. ನನ್ನಂಥ ವಲಸೆಯ ಜೀವಕ್ಕೆ ಅದು ಹಿತವಾಯಿತು. ಮೊಮ್ಮಗಳ ಹತ್ತಿರ ಏನೋ ಅಭಿಪ್ರಾಯ ಹೇಳಹೊರಟರೆ "ಅಜ್ಜ, ನೀನು ಸುಮ್ನಿರು, ನೋಡಕ್ಕೆ ಬಿಡು" ಅಂದಳು.

ಆ ವರ್ಷ ದೀಪಾವಳಿಗೆ ಮುಂದುವರಿದ ಭಾಗಗಳನ್ನೂ ನೋಡಿದೆವು: 2008ರ ಜನವರಿಯ ಎರಡು ವಿಶೇಷ ಕಂತು, ಆಮೇಲೆ 2009 ಮತ್ತು 2010ರ ಎರಡು ಸಿನಿಮಾ. ಯುರೋಪು ಚೆನ್ನಾಗಿದೆ, ಖರ್ಚೂ ಕಾಣುತ್ತದೆ. ಆದರೆ ಕಸದ ಕೋಣೆಯ ಸೊಗಸು ಅಲ್ಲಿಲ್ಲ. ನೋಡುವವರು ಮೊದಲ ಹನ್ನೊಂದು ಕಂತು ನೋಡಿದರೆ ಸಾಕು. ಮೊದಲ ರಾತ್ರಿ ಎದ್ದು ಹೋಗಬೇಕು ಅನ್ನಿಸಿದರೆ ಹೋಗಿ, ಮಾರನೆಯ ರಾತ್ರಿ ಬಂದು ಮಿಕ್ಕ ಅರ್ಧ ನೋಡಿ.

ಶ್ರುತಿಪೆಟ್ಟಿಗೆ ಚೆಂಬೂರಿನ ಮನೆಯ ಅಟ್ಟದ ಮೇಲಿತ್ತು. ತಿದಿ ಹರಿದಿತ್ತು. ರಿಪೇರಿ ಮಾಡಿಸಿ ಪುಣೆಗೆ ಒಯ್ದು ಮೊಮ್ಮಗಳ ಕೀಬೋರ್ಡಿನ ಪಕ್ಕ ಇಟ್ಟು ಬಂದಿದ್ದೇನೆ. ಹಾಡು ಅಂತ ಯಾರಿಗೂ ಹೇಳಿಲ್ಲ.